ಕೊಂಡ ಸವೆತ, ಗಳಿಸಿದ ಸವೆತ

ವಸ್ತುಗಳ ಮೇಲೆ ಕಾಣುವ ಗುರುತುಗಳೆಲ್ಲವೂ ಒಂದೇ ಬಗೆಯವಲ್ಲ. ಕೆಲವು ಗುರುತುಗಳು ಒಡೆಯನು ಏನು ಮಾಡಿದನೆಂಬುದನ್ನು ಹೇಳುತ್ತವೆ. ಕೆಲವು ಅವನು ಏನು ಮಾಡತಕ್ಕವನೆಂಬುದನ್ನು ಹೇಳುತ್ತವೆ. ಮೊದಲನೆಯದು ಸಾಕ್ಷಿ, ಎರಡನೆಯದು ಪ್ರತಿಜ್ಞೆ. ಈ ಭೇದವನ್ನು ಮರೆತರೆ ಸಣ್ಣ ವ್ಯವಹಾರದಲ್ಲಿಯೂ ಮನಸ್ಸು ದಾರಿ ತಪ್ಪುತ್ತದೆ. ಇಂದಿನ ತರುಣರ ಮುಂದೆ ಬರುವ ಒಂದು ಸಮಸ್ಯೆಯನ್ನೇ ಇದಕ್ಕೆ ನಿದರ್ಶನವಾಗಿ ಪರಿಶೀಲಿಸಬಹುದು.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆತನದ ತರುಣನೊಬ್ಬನಿದ್ದಾನೆಂದು ಭಾವಿಸೋಣ. ಚಿಕ್ಕಬಳ್ಳಾಪುರ, ಚಿಂತಾಮಣಿಗಳ ಕಡೆಯ ಜಾತ್ರೆ ಉತ್ಸವಗಳ ವಾದ್ಯಗೋಷ್ಠಿಗಳಲ್ಲಿ ನುಡಿಸಬೇಕೆಂಬುದು ಅವನ ಹಂಬಲ. ಕೂಡಿಟ್ಟ ಹಣವನ್ನು ತೆಗೆದುಕೊಂಡು ಅವನು ಎಲೆಕ್ಟ್ರಿಕ್ ಗಿಟಾರೊಂದನ್ನು ಕೊಳ್ಳಲು ಬೆಂಗಳೂರಿಗೆ ಹೋಗುತ್ತಾನೆ. ಅಂಗಡಿಯಲ್ಲಿ ಅವನ ಮುಂದೆ ಎರಡು ವಾದ್ಯಗಳಿವೆ. ಒಂದು ಕನ್ನಡಿಯಂತೆ ಹೊಳೆಯುತ್ತದೆ. ಇನ್ನೊಂದರ ಬಣ್ಣವು ಅಲ್ಲಲ್ಲಿ ಕಿತ್ತುಹೋಗಿ ಮರವು ಕಾಣುತ್ತಿದೆ. ಲೋಹದ ಭಾಗಗಳು ಮಾಸಿವೆ. ನಲವತ್ತು ವರ್ಷ ಊರೂರು ತಿರುಗಿ ಬಂದ ವಾದ್ಯವೆಂದು ತೋರುತ್ತದೆ. ಆದರೆ ಎರಡೂ ಹುಟ್ಟಿದುದು ಒಂದೇ ವರ್ಷದಲ್ಲಿ, ಒಂದೇ ಕಾರ್ಖಾನೆಯಲ್ಲಿ. ಸವೆದಂತೆ ಕಾಣುವುದಕ್ಕೆ ಬೆಲೆ ಹೆಚ್ಚು. ಅವನು ಯಾವುದನ್ನು ಕೊಳ್ಳುವುದು ಉಚಿತ?

ಈ ಬಗೆಯ ಸವೆತವು ಹೇಗೆ ಉಂಟಾಗುತ್ತದೆಂಬುದನ್ನು ಮೊದಲು ತಿಳಿಯಬೇಕು. ಅಮೆರಿಕದ ಫೆಂಡರ್ ಕಂಪನಿಯು ತನ್ನ ಪ್ರಸಿದ್ಧ ಸ್ಟ್ರಾಟೋಕಾಸ್ಟರ್ ಗಿಟಾರನ್ನು 1954ರಲ್ಲಿ ಹೊರತಂದಿತು. ಅಂದಿನ ವಾದ್ಯಗಳು ಕಲಾವಿದರ ಕೈಯಲ್ಲಿ ಸವೆದು, ಕಾಲಕ್ರಮದಲ್ಲಿ ಬಹು ಬೆಲೆಯುಳ್ಳವಾದವು. ಆಗ ಅದೇ ಕಂಪನಿಯ ಕಸ್ಟಮ್ ಶಾಪ್ ವಿಭಾಗವು 1995ರಲ್ಲಿ ‘ರೆಲಿಕ್’ ಎಂಬ ಹೆಸರಿನಿಂದ ಹೊಸ ವಾದ್ಯಗಳಿಗೆ ಹಳೆಯ ರೂಪವನ್ನು ಕೊಟ್ಟು ಮಾರತೊಡಗಿತು. ತೆಳುವಾದ ಅರಗಿನ ಲೇಪನಕ್ಕೆ ಶೀತ ಉಷ್ಣಗಳನ್ನು ಒಂದಾದ ಮೇಲೊಂದರಂತೆ ತಾಗಿಸಿದರೆ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಬಲಗೈ ಒರಗುವ ಎಡೆಯಲ್ಲಿ ಬಣ್ಣವನ್ನು ಉಜ್ಜಿ ತೆಗೆಯುತ್ತಾರೆ. ಲೋಹವನ್ನು ಆಮ್ಲದ ಹಬೆಯಿಂದ ಮಾಸಿಸುತ್ತಾರೆ. ದಂಡಿಯ ಬೆನ್ನನ್ನೂ ಅಂಚನ್ನೂ ತೀಡಿ ನಯಗೊಳಿಸುತ್ತಾರೆ. ಸವೆತಕ್ಕೆ ದರ್ಜೆಗಳೂ ಉಂಟು: ಅಂಗಡಿಯಲ್ಲಿ ಮಾರಾಟವಾಗದೆ ಉಳಿದಂತಿರುವುದು, ಬೀರುವಿನಲ್ಲಿ ಮಲಗಿದ್ದಂತಿರುವುದು, ಬಹುಕಾಲ ಬಳಸಿದಂತಿರುವುದು. ಹಣವುಳ್ಳವನು ತನಗೆ ಬೇಕಾದಷ್ಟು ಗತಕಾಲವನ್ನು ಅಳೆದು ಕೊಳ್ಳಬಹುದು.

ನಿಜವಾದ ಸವೆತದ ಬಗೆ ಬೇರೆ. ಐರ್ಲೆಂಡಿನ ರೋರಿ ಗ್ಯಾಲಗರ್ ಎಂಬ ಕಲಾವಿದನು 1963ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಕಾರ್ಕ್ ನಗರದ ಅಂಗಡಿಯಲ್ಲಿ 1961ರ ಸ್ಟ್ರಾಟೋಕಾಸ್ಟರೊಂದನ್ನು ಸುಮಾರು ನೂರು ಪೌಂಡಿಗೆ ಸಾಲಮಾಡಿ ಕೊಂಡನು. ಒಮ್ಮೆ ಅದು ಕಳುವಾಗಿ ಬಯಲಿನಲ್ಲಿ ಬಿದ್ದು, ಕೆಲವು ದಿನಗಳ ಮೇಲೆ ಮರಳಿ ದೊರೆಯಿತು. ಮೂರು ದಶಕಗಳ ಕಾಲ ಅವನ ಬೆವರು ಅದರ ಬಣ್ಣವನ್ನು ತಿಂದಿತು. ಕೊನೆಗೆ ಉಳಿದುದು ಬಹುಮಟ್ಟಿಗೆ ಬರಿಯ ಮರ. ರೆಲಿಕ್ ವಾದ್ಯಗಳು ಮಾರುಕಟ್ಟೆಗೆ ಬಂದ 1995ರಲ್ಲಿಯೇ ಅವನು ತೀರಿಕೊಂಡನು. ಅವನ ವಾದ್ಯದ ಸವೆತವನ್ನೇ ಅನುಕರಿಸಿದ ಪ್ರತಿಗಳನ್ನು ಕಸ್ಟಮ್ ಶಾಪ್ ಆಮೇಲೆ ತಯಾರಿಸಿತು. ಮೂಲವಾದ್ಯವು 2024ರಲ್ಲಿ ಹರಾಜಾಗಿ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಸಂದಿತು.

ಇಷ್ಟನ್ನು ಕೇಳಿದೊಡನೆ ಕೃತಕ ಸವೆತವು ಸುಳ್ಳು, ಆದುದರಿಂದ ತ್ಯಾಜ್ಯ ಎಂದು ತೀರ್ಮಾನಿಸಿಬಿಡುವುದು ಸುಲಭ. ಆದರೆ ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತವನ್ನು ಹೇಳುವುದು ನ್ಯಾಯವಲ್ಲ. ತಯಾರಿಸಿದವನು ಇದು ಹಳೆಯದೆಂದು ಹೇಳಿ ಮಾರುತ್ತಿಲ್ಲ. ಸವೆತವು ತನ್ನ ಕೆಲಸವೆಂದು ಬಹಿರಂಗವಾಗಿಯೇ ಸಾರುತ್ತಿದ್ದಾನೆ. ತೀಡಿದ ದಂಡಿಯು ಕೈಗೆ ಹಿತವಾಗಿರುತ್ತದೆ. ಇನ್ನೂ ಒಂದು ಮಾತುಂಟು. ಹೊಳೆಯುವ ವಾದ್ಯವನ್ನು ಕೊಂಡವನಿಗೆ ಮೊದಲ ಗೀರಿನ ಭಯ. ಅದನ್ನು ಒರಸಿ ಪೆಟ್ಟಿಗೆಯಲ್ಲಿಡುವುದರಲ್ಲಿಯೇ ಅವನ ಭಕ್ತಿ ಮುಗಿದುಹೋಗಬಹುದು. ಸವೆದುದನ್ನು ಕೊಂಡವನು ನಿಶ್ಚಿಂತೆಯಿಂದ ದಿನವೂ ನುಡಿಸುತ್ತಾನೆ. ಹಾಗಾದರೆ ಹೊಸದರ ಹೊಳಪು ತಾನೆ ಯಾವ ಪುಣ್ಯ?

ಈ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಶರಣಧರ್ಮವನ್ನು ಬಲ್ಲವನು ಇನ್ನೊಂದು ಆಕ್ಷೇಪವನ್ನೂ ತರಬಹುದು. ಲಿಂಗಧಾರಣೆಯು ಶಿಶುವಿಗೂ ಆಗುತ್ತದೆ. ವಿಭೂತಿ ರುದ್ರಾಕ್ಷಿಗಳನ್ನು ಸಾಧನೆಯ ಮೊದಲ ದಿನವೇ ಧರಿಸುತ್ತಾರೆ. ಗಳಿಸುವುದಕ್ಕೆ ಮುಂಚೆಯೇ ಗುರುತನ್ನು ಧರಿಸುವುದು ತಪ್ಪಾದರೆ ಲಾಂಛನವೂ ತಪ್ಪಾಗಬೇಡವೆ?

ಇಲ್ಲಿಯೇ ಮೊದಲು ಹೇಳಿದ ಭೇದವು ನೆರವಿಗೆ ಬರುತ್ತದೆ. ಲಾಂಛನವು ಪ್ರತಿಜ್ಞೆ. ಅದು ‘ಇವನು ಹೀಗೆ ಬಾಳಿದನು’ ಎನ್ನುವುದಿಲ್ಲ. ‘ಇವನು ಹೀಗೆ ಬಾಳಬೇಕಾದವನು’ ಎನ್ನುತ್ತದೆ. ಆದುದರಿಂದ ಅದನ್ನು ಮೊದಲೇ ಧರಿಸಬಹುದು, ಧರಿಸಲೂಬೇಕು. ನಡೆಯು ಅದನ್ನು ಹಿಂಬಾಲಿಸದಿದ್ದಾಗ ಮಾತ್ರ ಶರಣರು ಅದನ್ನು ವೇಷವೆಂದು ಹಳಿದರು. ಸವೆತವಾದರೋ ಸಾಕ್ಷಿ. ಅದು ನಡೆದುಹೋದುದನ್ನು ಹೇಳುತ್ತದೆ. ಪ್ರತಿಜ್ಞೆಯನ್ನು ಕ್ರಿಯೆಗಿಂತ ಮೊದಲೇ ಮಾಡಬಹುದು; ಸಾಕ್ಷಿಯನ್ನು ಕ್ರಿಯೆಗಿಂತ ಮೊದಲೇ ನುಡಿಯಲಾಗದು. ನಡೆಯದುದಕ್ಕೆ ನುಡಿದ ಸಾಕ್ಷಿಗೆ ಲೋಕದಲ್ಲಿರುವ ಹೆಸರು ಒಂದೇ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಪ್ರಾಣತೆತ್ತರು. ಅಲ್ಲಿ ಯಾರಾದರೂ ಹೊಸ ಗೋಡೆಯೊಂದನ್ನು ಕಟ್ಟಿ, ಅದರಲ್ಲಿ ತೂತುಗಳನ್ನು ಕೊರೆದು ನಿಲ್ಲಿಸಿದರೆನ್ನೋಣ. ‘ಇದು ಅಂದಿನ ಘಟನೆಯ ಚಿತ್ರಣ’ ಎಂಬ ಫಲಕವಿದ್ದರೆ ಅದು ಮಕ್ಕಳಿಗೆ ಪಾಠ. ಫಲಕವಿಲ್ಲದಿದ್ದರೆ ಅದೇ ಗೋಡೆಯು ಸತ್ತವರಿಗೆ ಮಾಡಿದ ಅಪಚಾರ. ಗೋಡೆ ಒಂದೇ, ತೂತುಗಳು ಅವೇ. ದೋಷವು ಇಟ್ಟಿಗೆಯಲ್ಲಿಲ್ಲ, ಮೌನದಲ್ಲಿದೆ. ಗಿಟಾರಿನ ವಿಷಯವೂ ಹೀಗೆಯೇ. ಕಾರ್ಖಾನೆಯು ಫಲಕವನ್ನು ಹಾಕಿಯೇ ಮಾರುತ್ತದೆ. ವೇದಿಕೆಯ ಮೇಲೆ ನಿಂತ ತರುಣನು ಆ ಫಲಕವನ್ನು ತೆಗೆದುಬಿಡುತ್ತಾನೋ ಇಲ್ಲವೋ ಎಂಬುದೇ ಪ್ರಶ್ನೆ. ಕೇಳಿದವರು ‘ಎಷ್ಟು ವರ್ಷದಿಂದ ನುಡಿಸುತ್ತಿದ್ದೀಯೆ?’ ಎಂದಾಗ ಅವನು ಸುಮ್ಮನೆ ನಕ್ಕರೆ, ಸುಳ್ಳು ಅಲ್ಲಿಂದ ಆರಂಭವಾಯಿತು.

ಶಿಡ್ಲಘಟ್ಟದ ತರುಣನಿಗೆ ಇದನ್ನು ಗ್ರಂಥ ನೋಡಿ ಕಲಿಯಬೇಕಾಗಿಲ್ಲ. ಬಿಸಿನೀರಿನಲ್ಲಿ ಬೆಂದ ಗೂಡುಗಳ ನಡುವೆ ಎಳೆಯ ತುದಿಯನ್ನು ಹುಡುಕಿ ಹುಡುಕಿ ನೂಲು ತೆಗೆಯುವವರ ಬೆರಳುಗಳು ಬೆಳ್ಳಗಾಗಿ, ಚರ್ಮ ಸುಲಿದು, ಗೆರೆಗಳೇ ಅಳಿಸಿಹೋಗಿರುವುದನ್ನು ಅವನು ಮನೆಯಲ್ಲಿಯೇ ಕಂಡಿದ್ದಾನೆ. ಆ ಬೆರಳುಗಳನ್ನು ಯಾರೂ ಅಂದಕ್ಕೆಂದು ಪಡೆಯಲಿಲ್ಲ. ಅನ್ನವನ್ನು ಗಳಿಸುವಾಗ ಅವು ತಾವಾಗಿ ಬಂದವು. ಕಾಯಕದ ಗುರುತನ್ನು ಯಾರೂ ಅಪೇಕ್ಷಿಸುವುದಿಲ್ಲ. ಕಾಯಕವನ್ನು ಅಪೇಕ್ಷಿಸುತ್ತಾರೆ, ಗುರುತು ಹಿಂದಿನಿಂದ ಬರುತ್ತದೆ. ಈ ಕ್ರಮವು ತಲೆಕೆಳಗಾದಾಗಲೇ ಮನುಷ್ಯನಿಗೆ ನಷ್ಟ. ತನ್ನವರ ಕೈಯನ್ನು ಬಲ್ಲ ಮಗನು, ಯಾರ ಕೈಯೂ ಮಾಡದ ಸವೆತಕ್ಕೆ ಅದೇ ಕೈ ದುಡಿದ ಹಣವನ್ನು ಹೆಚ್ಚಾಗಿ ತೆರುವ ಮುನ್ನ ಒಂದು ಗಳಿಗೆ ನಿಲ್ಲಬೇಕಲ್ಲವೆ?

ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವನ್ನಾಗಿ ಮಾಡಿಕೊಂಡು ನುಡಿಸೆಂದು ಕೂಡಲಸಂಗಮದೇವನನ್ನು ಬೇಡಿಕೊಂಡ ವಚನವು ಎಲ್ಲರಿಗೂ ಪರಿಚಿತವಾದುದು. ಅಲ್ಲಿ ಅವರ ಕೋರಿಕೆಯು ವಾದ್ಯವು ಅಂದವಾಗಿ ಕಾಣಲೆಂಬುದಲ್ಲ, ಹಳೆಯದಾಗಿ ತೋರಲೆಂಬುದೂ ಅಲ್ಲ. ವಾದ್ಯದ ಸಾರ್ಥಕ್ಯವು ನುಡಿಸಿಕೊಳ್ಳುವುದರಲ್ಲಿದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿಯೂ ಲೋಹದ ತಂತಿಯು ಅಯಸ್ಕಾಂತದ ಮೇಲೆ ಕಂಪಿಸಿದಾಗ ಸುತ್ತಿನ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ ನಾದವಾಗುತ್ತದೆ. ಮೀಟುವ ಬೆರಳಿಲ್ಲದೆ ಹೊಸ ಬಣ್ಣವೂ ಮೂಕ, ಕಿತ್ತ ಬಣ್ಣವೂ ಮೂಕ.

ಆದುದರಿಂದ ಆ ತರುಣನು ಕಣ್ಣುಮುಚ್ಚಿ ಎರಡನ್ನೂ ನುಡಿಸಿ ನೋಡಲಿ. ಸವೆದುದರ ದಂಡಿಯು ನಿಜವಾಗಿ ಅವನ ಕೈಗೆ ಒಪ್ಪಿದರೆ ನಾಚಿಕೆಯಿಲ್ಲದೆ ಅದನ್ನು ಕೊಳ್ಳಲಿ. ಆದರೆ ಕೇಳಿದವರಿಗೆ ‘ಈ ಗೀರುಗಳು ನನ್ನವಲ್ಲ’ ಎಂದು ಹೇಳುವ ನಾಲಗೆಯನ್ನೂ ಉಳಿಸಿಕೊಳ್ಳಲಿ. ಕೈಗೂ ಕಿವಿಗೂ ಎರಡೂ ಸಮವೆಂದು ತೋರಿದರೆ ಹೊಸದನ್ನು ಕೊಂಡು, ಮಿಕ್ಕ ಹಣವನ್ನು ತಂತಿಗೂ ಗುರುವಿಗೂ ಕೊಡಲಿ. ಆಮೇಲೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸದೆ ಪ್ರತಿದಿನವೂ ನುಡಿಸಲಿ. ಮೊದಲ ಗೀರು ಬಿದ್ದ ದಿನ ಅವನು ಮರುಗುವನು. ಆದರೆ ಆ ಗೀರು ಯಾವ ಊರಿನಲ್ಲಿ, ಯಾವ ಇರುಳು, ಯಾವ ಹಾಡಿನ ನಡುವೆ ಬಿದ್ದಿತೆಂಬುದನ್ನು ಅವನು ಬಲ್ಲನು. ಆ ಅರಿವನ್ನು ಯಾವ ಕಾರ್ಖಾನೆಯೂ ಮಾಡಿಕೊಡಲಾರದು.