ತಪ್ಪು ಬೆಲೆ ಮತ್ತು ಕೊಟ್ಟ ಮಾತು

ಅಂಗಡಿಯಲ್ಲಿ ಬರೆದು ಹಾಕಿದ ಬೆಲೆ ಕಣ್ತಪ್ಪಿನಿಂದ ಕಡಿಮೆಯಾಗಿದೆ ಎಂದು ತಿಳಿದ ಮೇಲೆ ವರ್ತಕನು ಆ ಬೆಲೆಗೇ ಸರಕನ್ನು ಕೊಡಬೇಕೇ, ಕೊಡಲಾರೆನೆಂದು ನಿರಾಕರಿಸಬಹುದೇ ಎಂಬ ಪ್ರಶ್ನೆಯನ್ನು ಕಾನೂನಿನ ವಿಷಯವೆಂದೋ ವ್ಯಾಪಾರದ ಜಾಣತನದ ವಿಷಯವೆಂದೋ ಬದಿಗಿಡುವುದು ವಾಡಿಕೆ. ಆದರೆ ಅದರ ತಿರುಳಿನಲ್ಲಿರುವುದು ಸತ್ಯ ಮತ್ತು ಅಸ್ತೇಯ ಎಂಬ ಎರಡು ವ್ರತಗಳ ತಿಕ್ಕಾಟ. ಆಡಿದ ಮಾತಿಗೆ ತಪ್ಪಬಾರದೆಂಬುದು ಸತ್ಯದ ಬೇಡಿಕೆಯಾದರೆ, ಇನ್ನೊಬ್ಬರು ಮನಸಾರೆ ಕೊಡದಿರುವುದನ್ನು ತೆಗೆದುಕೊಳ್ಳಬಾರದೆಂಬುದು ಅಸ್ತೇಯದ, ಅಂದರೆ ಕಳವು ಮಾಡದಿರುವಿಕೆಯ, ಬೇಡಿಕೆ. ತಪ್ಪು ಬೆಲೆಯ ಪ್ರಸಂಗದಲ್ಲಿ ಮೊದಲನೆಯದು ವರ್ತಕನನ್ನೂ ಎರಡನೆಯದು ಗಿರಾಕಿಯನ್ನೂ ಕಟ್ಟುತ್ತದೆ. ಇಬ್ಬರೂ ತಮಗೆ ಅನ್ವಯಿಸುವ ವ್ರತವನ್ನು ಮರೆತು ಎದುರಿನವನ ವ್ರತವನ್ನು ಅವನಿಗೆ ಬೋಧಿಸತೊಡಗಿದಾಗಲೇ ಕೌಂಟರಿನ ಮುಂದೆ ಜಗಳ ಹುಟ್ಟುತ್ತದೆ.

ಕಾನೂನು ಈ ವಿಷಯದಲ್ಲಿ ಹೇಳುವುದು ಸಾಕಷ್ಟು ಸ್ಪಷ್ಟವಾಗಿದೆ. ಗಿರಾಕಿಯೇ ಸರಕನ್ನು ಆರಿಸಿಕೊಳ್ಳುವ ಅಂಗಡಿಯಲ್ಲಿ ಬೆಲೆ ನಮೂದಿಸಿ ವಸ್ತುಗಳನ್ನು ಇಟ್ಟಿರುವುದು ‘ಪ್ರಸ್ತಾವ’ವಲ್ಲ, ಎಂದರೆ ಎದುರಿನವರು ಒಪ್ಪಿದೊಡನೆ ಕರಾರಾಗಿಬಿಡುವ ಮಾತಲ್ಲ, ಪ್ರಸ್ತಾವವನ್ನು ನೀವೇ ಮುಂದಿಡಿ ಎಂದು ಗಿರಾಕಿಗೆ ಕೊಟ್ಟ ಆಹ್ವಾನ ಮಾತ್ರ ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು 1953ರಲ್ಲಿ ಬೂಟ್ಸ್ ಔಷಧ ಮಳಿಗೆಯ ಮೊಕದ್ದಮೆಯಲ್ಲಿ ತೀರ್ಮಾನಿಸಿತು, ಬ್ರಿಸ್ಟಲ್ ನಗರದ ಅಂಗಡಿಯೊಂದರ ಗಾಜಿನ ಕಿಟಕಿಯಲ್ಲಿ ಬೆಲೆಚೀಟಿಯೊಡನೆ ಇರಿಸಿದ್ದ ಮಡಚುವ ಚಾಕುವಿನ ಬಗ್ಗೆ 1960ರಲ್ಲಿ ಬಂದ ತೀರ್ಪೂ ಇದೇ ಹಾದಿಯದು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರವೂ ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಸಮ್ಮತಿ ಎನಿಸುತ್ತದೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ಚಿತ್ರಕ್ಕೆ ಇನ್ನೊಂದು ಮುಖವನ್ನು ಸೇರಿಸುತ್ತದೆ: ವಸ್ತುವಿನ ಮೇಲೆ ಅಥವಾ ಅದರ ಪೊಟ್ಟಣದ ಮೇಲೆ ನಮೂದಾದ ಬೆಲೆಗಿಂತ, ಕಾನೂನಿನಂತೆ ತೂಗುಹಾಕಿದ ದರಪಟ್ಟಿಗಿಂತ, ಅಥವಾ ಇಬ್ಬರ ನಡುವೆ ಒಪ್ಪಿತವಾದ ದರಕ್ಕಿಂತ ಹೆಚ್ಚು ವಸೂಲಿ ಮಾಡಿದರೆ ಗ್ರಾಹಕನು ದೂರು ಕೊಡಬಹುದು. ಮಾರಲೇಬೇಕೆಂಬ ಬಲವಂತ ವರ್ತಕನ ಮೇಲಿಲ್ಲದಿದ್ದರೂ, ಬರೆದು ಹಾಕಿದ ಬೆಲೆ ಅರ್ಥವಿಲ್ಲದ ಅಲಂಕಾರವಲ್ಲ ಎಂಬುದನ್ನು ಹೀಗೆ ಕಾನೂನೇ ಒಪ್ಪುತ್ತದೆ.

ಸಿಂಗಪುರದ ನ್ಯಾಯಾಲಯಗಳ ಮುಂದೆ ಬಂದ ಒಂದು ಮೊಕದ್ದಮೆ ಈ ಸಮಸ್ಯೆಯನ್ನು ಅದರ ತುದಿಗೆ ಒಯ್ದು ತೋರಿಸುತ್ತದೆ. 2003ರ ಜನವರಿಯಲ್ಲಿ ಡಿಜಿಲ್ಯಾಂಡ್‌ಮಾಲ್ ಎಂಬ ಸಂಸ್ಥೆಯ ಜಾಲತಾಣದಲ್ಲಿ 3,854 ಸಿಂಗಪುರ ಡಾಲರ್ ಬೆಲೆಯ ಲೇಸರ್ ಮುದ್ರಣಯಂತ್ರ, ನೌಕರರ ತರಬೇತಿಗಾಗಿ ಹಾಕಿದ್ದ ಅಂಕಿಯು ಅರಿವಿಲ್ಲದೆ ತಾಣಕ್ಕೆ ಏರಿಹೋದದ್ದರಿಂದ, 66 ಡಾಲರ್ ಎಂದು ಪ್ರಕಟವಾಯಿತು. ಅದನ್ನು ಕಂಡ ಆರು ಮಂದಿ ರಾತ್ರೋರಾತ್ರಿ ಒಟ್ಟು 1,606 ಯಂತ್ರಗಳಿಗೆ ಬೇಡಿಕೆ ಸಲ್ಲಿಸಿದರು. ಯಂತ್ರಚಾಲಿತ ಇ-ಮೇಲ್ ಅವರ ಖರೀದಿಯನ್ನು ದೃಢಪಡಿಸಿಯೂ ಬಿಟ್ಟಿತು. ಸಂಸ್ಥೆ ಸರಕು ಕೊಡಲು ನಿರಾಕರಿಸಿದಾಗ ಮೊಕದ್ದಮೆ ಹೂಡಿದ ಈ ಆರು ಮಂದಿಗೂ 2004ರಲ್ಲಿ ಉಚ್ಚ ನ್ಯಾಯಾಲಯದಲ್ಲಿ, 2005ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋಲಾಯಿತು. ಅವರು ಸೋತದ್ದು ಬೆಲೆ ತಪ್ಪಾಗಿತ್ತು ಎಂಬ ಕಾರಣಕ್ಕಲ್ಲ, ಅದು ತಪ್ಪೆಂದು ಅವರಿಗೆ ತಿಳಿದಿತ್ತು ಎಂಬ ಕಾರಣಕ್ಕೆ. ಬೆಲೆಯ ಪ್ರಶ್ನೆ ಹೀಗೆ ಅರಿವಿನ ಪ್ರಶ್ನೆಯಾಗಿ ಮಾರ್ಪಟ್ಟಲ್ಲಿ ಕಾನೂನು ಧರ್ಮಚಿಂತನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆ.

ಅರಿವಿಲ್ಲದೆ ನುಡಿದ ತಪ್ಪು ಸತ್ಯಕ್ಕೆ ಚ್ಯುತಿಯೇ ಎಂಬುದು ಮೊದಲು ವಿಚಾರಿಸಬೇಕಾದ ಸಂಗತಿ. ಸುಳ್ಳೆಂದರೆ ಮೋಸಗೊಳಿಸುವ ಉದ್ದೇಶದಿಂದ ಆಡಿದ ಮಾತು ಎಂಬ ಸಾಮಾನ್ಯ ತಿಳಿವಳಿಕೆಯನ್ನು ಒಪ್ಪಿದರೆ, ಚೀಟಿ ಬದಲಿಸಲು ಮರೆತ ವರ್ತಕನು ಪೂರ್ಣ ನಿರ್ದೋಷಿ. ಆದರೆ ಪತಂಜಲಿಯ ಯೋಗಸೂತ್ರಗಳಿಗೆ ವ್ಯಾಸರು ಬರೆದ ಭಾಷ್ಯ ಸತ್ಯದ ಮಟ್ಟವನ್ನು ಇದಕ್ಕಿಂತ ಮೇಲೆ ನಿಲ್ಲಿಸುತ್ತದೆ. ತನ್ನ ಅರಿವು ಇನ್ನೊಬ್ಬರಿಗೆ ತಲುಪಲೆಂದು ಆಡುವ ಮಾತು ಮೂರು ದೋಷಗಳಿಂದ ಮುಕ್ತವಾಗಿರಬೇಕು ಎಂಬುದು ಆ ಭಾಷ್ಯದ ನಿಲುವು: ಅದು ವಂಚಿಸುವ ಮಾತಾಗಿರಬಾರದು, ಭ್ರಾಂತವಾಗಿರಬಾರದು, ಎಂದರೆ ತಪ್ಪು ತಿಳಿವಳಿಕೆಯಿಂದ ಹುಟ್ಟಿರಬಾರದು, ಮತ್ತು ಕೇಳುವವನಿಗೆ ಅರ್ಥವೇ ಆಗದಷ್ಟು ಬರಡಾಗಿರಬಾರದು. ಈ ಅಳತೆಗೋಲಿನಲ್ಲಿ ತಪ್ಪು ಬೆಲೆ ವಂಚನೆಯಲ್ಲದಿದ್ದರೂ ಸತ್ಯವೂ ಅಲ್ಲ. ಅದು ಎರಡನೆಯ ದೋಷಕ್ಕೆ ಸಿಕ್ಕ ಮಾತು. ಹಬ್ಬದ ಆಫರ್ ಮುಗಿದ ಮಾರನೆಯ ದಿನ ಅಂಗಡಿಯ ಕಂಪ್ಯೂಟರಿನಲ್ಲಿ ದರ ತಾನಾಗಿ ಏರುತ್ತದೆ, ಆದರೆ ಕಪಾಟಿನ ಅಂಚಿಗೆ ಸಿಕ್ಕಿಸಿದ ಚೀಟಿಯನ್ನು ಯಾರಾದರೂ ಕೈಯಿಂದಲೇ ತೆಗೆಯಬೇಕು; ತೆಗೆಯದೆ ಉಳಿದರೆ ಗಿರಾಕಿ ಓದುವುದು ಚೀಟಿಯ ದರ, ಬಾರ್‌ಕೋಡ್ ಯಂತ್ರ ಹೇಳುವುದು ಕಂಪ್ಯೂಟರಿನ ದರ. ಒಂದೇ ಅಂಗಡಿ ಒಂದೇ ವಸ್ತುವಿನ ಬಗ್ಗೆ ಎರಡು ಮಾತಾಡುತ್ತಿರುವ ಈ ಸ್ಥಿತಿಯಲ್ಲಿ ಮೋಸದ ಉದ್ದೇಶವಿಲ್ಲವೆಂಬ ಸಮಜಾಯಿಷಿ ನಿಜವಿರಬಹುದು, ಆದರೆ ಅದರಿಂದ ಹೊಣೆ ಕಳೆಯುವುದಿಲ್ಲ.

ಹೊಣೆಯಿದೆ ಎಂದ ಮಾತ್ರಕ್ಕೆ ಬರೆದ ಅಂಕಿಗೆ ವರ್ತಕನು ಪ್ರಾಣ ಒತ್ತೆಯಿಡಬೇಕೆಂದೂ ಆಗುವುದಿಲ್ಲ. ಮಾತಿಗೆ ತಪ್ಪದವರ ಆದರ್ಶವಾಗಿ ಕನ್ನಡಿಗರು ನೆನೆಯುವುದು ರಾಘವಾಂಕನ ಕಾವ್ಯದ ಹರಿಶ್ಚಂದ್ರನನ್ನು. ರಾಜ್ಯವನ್ನು ಬಿಟ್ಟು, ಹೆಂಡತಿ ಮಕ್ಕಳನ್ನು ಮಾರಿ, ಸುಡುಗಾಡನ್ನು ಕಾಯುವ ಆ ಅರಸನು ನಡೆಸಿಕೊಟ್ಟದ್ದು ತಾನು ತಿಳಿದು ನುಡಿದ ಮಾತನ್ನು. ಬೊಕ್ಕಸದ ಕರಣಿಕನು ಲೆಕ್ಕ ಬರೆಯುವಾಗ ಒಂದು ಸೊನ್ನೆ ಬಿಟ್ಟಿದ್ದರೆ ಅದಕ್ಕಾಗಿ ರಾಜ್ಯ ತ್ಯಜಿಸಬೇಕಿತ್ತೆಂದು ಆ ಕಾವ್ಯದ ಕಟ್ಟಾ ಅಭಿಮಾನಿಯೂ ವಾದಿಸಲಾರ. ಸಂಕಲ್ಪ, ಎಂದರೆ ಮನಸ್ಸಿನ ನಿಶ್ಚಯ, ಇಲ್ಲದ ಕಡೆ ಪ್ರತಿಜ್ಞೆಯೂ ಇಲ್ಲ. ಆದರೂ ಅಂಗಡಿಯ ಬೆಲೆ ಇಬ್ಬರ ನಡುವಿನ ಖಾಸಗಿ ಮಾತಿಗಿಂತ ಭಿನ್ನ, ಏಕೆಂದರೆ ಅದು ಮುಖ ನೋಡದೆ ಎಲ್ಲರಿಗೂ ಏಕಕಾಲಕ್ಕೆ ಕೊಟ್ಟ ಮಾತು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ವರ್ತಕರು ಚೌಕಾಸಿಯನ್ನೇ ಕೈಬಿಟ್ಟು ಒಂದೇ ಬೆಲೆ ಹೇಳತೊಡಗಿದ್ದು ಧಾರ್ಮಿಕ ಕಾರಣದಿಂದ: ಕೊನೆಗೆ ಒಪ್ಪುವ ಬೆಲೆಗಿಂತ ಹೆಚ್ಚನ್ನು ಮೊದಲು ಕೇಳುವುದು ಸುಳ್ಳಾಡಿದಂತೆ ಎಂದು ಅವರು ಭಾವಿಸಿದ್ದರು. ಇಂಥ ಅಂಗಡಿಗೆ ಮಗುವನ್ನು ಕಳಿಸಿದರೂ ಮೋಸವಾಗದು ಎಂಬ ನಂಬಿಕೆ ಜನರಲ್ಲಿ ಬೆಳೆದುದನ್ನು ಆ ಪಂಥದ ಪ್ರವರ್ತಕ ಜಾರ್ಜ್ ಫಾಕ್ಸ್ ದಾಖಲಿಸಿದ್ದಾನೆ. 1785ರಲ್ಲಿ ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಉದಾಹರಣೆಯಾಗಿ ತೆಗೆದುಕೊಂಡದ್ದೂ ಮಗುವಿಗೂ ಒಂದೇ ಬೆಲೆಗೆ ಮಾರುವ ಅಂಗಡಿಕಾರನನ್ನೇ. ಅವನು ಹಾಗೆ ಮಾಡುವುದು ಧರ್ಮಬುದ್ಧಿಯಿಂದಲೋ ಗಿರಾಕಿ ಕೈತಪ್ಪಬಾರದೆಂಬ ಲಾಭದಾಸೆಯಿಂದಲೋ ಎಂಬುದು ಕಾಂಟನ ಪ್ರಶ್ನೆಯಾಗಿತ್ತು. ಸಲೀಸಾಗಿ ಲಾಭ ಬರುವಾಗ ಈ ಎರಡನ್ನು ಬೇರ್ಪಡಿಸಿ ನೋಡುವುದು ಕಷ್ಟ. ತಪ್ಪು ಬೆಲೆಯ ಪ್ರಸಂಗದಲ್ಲಿ ನಷ್ಟವೇ ಎದುರಿಗಿರುವುದರಿಂದ ವರ್ತಕನ ಪ್ರಾಮಾಣಿಕತೆ ಯಾವ ಬಗೆಯದೆಂಬುದು ತಾನಾಗಿ ಬಯಲಾಗುತ್ತದೆ.

ಗಿರಾಕಿಯ ಕಡೆಯ ವ್ರತವನ್ನು ಅತ್ಯಂತ ಸೂಕ್ಷ್ಮವಾಗಿ ವಿಚಾರಿಸಿರುವುದು ಜೈನ ಪರಂಪರೆ, ಮತ್ತು ಆ ಪರಂಪರೆಯ ಗೃಹಸ್ಥರಲ್ಲಿ ವರ್ತಕರ ಸಂಖ್ಯೆ ಬಹುಕಾಲದಿಂದ ದೊಡ್ಡದು ಎಂಬುದನ್ನು ಗಮನಿಸಿದರೆ ಅದು ಆಶ್ಚರ್ಯವೂ ಅಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಕಳವನ್ನು ‘ಅದತ್ತಾದಾನ’ ಎಂದು ವಿವರಿಸುತ್ತದೆ, ಎಂದರೆ ಕೊಡದೆ ಇರುವುದನ್ನು ತೆಗೆದುಕೊಳ್ಳುವುದು. ಬೀಗ ಒಡೆಯುವುದಾಗಲಿ ಬಲಾತ್ಕಾರವಾಗಲಿ ಇಲ್ಲಿ ಕಳವಿನ ಲಕ್ಷಣವಲ್ಲ. ಕೊಡುವವನ ಮನಸ್ಸು ಆ ಕೊಡುಗೆಯಲ್ಲಿ ಇದ್ದಿತೇ ಎಂಬುದೊಂದೇ ಲಕ್ಷಣ. ಸುಮಾರು ನಾಲ್ಕು ಸಾವಿರ ಡಾಲರಿನ ಯಂತ್ರವನ್ನು ಅರವತ್ತಾರಕ್ಕೆ ಕೊಡುವ ಮನಸ್ಸು ಯಾವ ವರ್ತಕನಿಗೂ ಇರಲಾರದೆಂದು ಅರಿತೂ ಅದನ್ನು ಬಾಚಿಕೊಳ್ಳುವವನು ಹಣ ತೆತ್ತಿದ್ದರೂ ಅದತ್ತವನ್ನೇ ತೆಗೆದುಕೊಂಡಂತೆ. ಅದೇ ಗ್ರಂಥ ಅಸ್ತೇಯ ವ್ರತದ ಅತಿಚಾರಗಳನ್ನು, ಅಂದರೆ ವ್ರತವನ್ನು ಪೂರ್ತಿ ಮುರಿಯದೆ ಮಲಿನಗೊಳಿಸುವ ನಡೆಗಳನ್ನು, ಪಟ್ಟಿಮಾಡುವಾಗ ತೂಕ ಅಳತೆಗಳನ್ನು ಹೆಚ್ಚು ಕಡಿಮೆ ಮಾಡುವುದನ್ನೂ ಕಲಬೆರಕೆಯ ಸರಕನ್ನು ಅಸಲಿಯೆಂದು ಮಾರುವುದನ್ನೂ ಹೆಸರಿಸಿ ವರ್ತಕನ ಕಡೆಗೂ ತಿರುಗುತ್ತದೆ. ಇದಲ್ಲದೆ ‘ಪ್ರಮಾದ’, ಎಂದರೆ ಎಚ್ಚರಗೇಡಿತನ, ಹಿಂಸೆ ಕಳವು ಮೊದಲಾದವುಗಳ ಬೇರು ಎಂಬುದು ಜೈನ ನೀತಿವಿಚಾರದ ಅಡಿಗಲ್ಲು. ಆದ್ದರಿಂದ ಚೀಟಿ ತೆಗೆಯದ ವರ್ತಕನ ದೋಷ ಪ್ರಮಾದ, ಅದನ್ನು ತಿಳಿದು ಬಳಸಿಕೊಳ್ಳುವ ಗಿರಾಕಿಯ ದೋಷ ಅದತ್ತಾದಾನ. ಒಬ್ಬನ ದೋಷ ಇನ್ನೊಬ್ಬನದನ್ನು ಅಳಿಸುವುದಿಲ್ಲ.

ತಪ್ಪು ವ್ಯವಹಾರವನ್ನು ಎಲ್ಲಿಯವರೆಗೆ ಹಿಂತೆಗೆದುಕೊಳ್ಳಬಹುದು ಎಂಬುದಕ್ಕೆ ಪ್ರಾಚೀನ ಧರ್ಮಶಾಸ್ತ್ರಗಳು ಕಾಲದ ಮಿತಿಯನ್ನು ಹಾಕಿದ್ದವು. ಕೊಂಡ ಅಥವಾ ಮಾರಿದ ಮೇಲೆ ಉಂಟಾಗುವ ಪಶ್ಚಾತ್ತಾಪಕ್ಕೆ ‘ಅನುಶಯ’ ಎಂದು ಹೆಸರಿಟ್ಟು, ಅದನ್ನು ನ್ಯಾಯಸ್ಥಾನದ ಮುಂದೆ ಬರಬಹುದಾದ ಹದಿನೆಂಟು ಬಗೆಯ ವ್ಯಾಜ್ಯಗಳಲ್ಲಿ ಒಂದಾಗಿ ಎಣಿಸಿದ ಮನುಸ್ಮೃತಿ, ಕೊಂಡವನಿಗೂ ಮಾರಿದವನಿಗೂ ಸಮಾನವಾಗಿ ಹತ್ತು ದಿನಗಳ ಅವಕಾಶ ಕೊಡುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ಇನ್ನೂ ಬಿಗಿಯಾದುದು: ಕೃಷಿಕರಿಗೆ ಮೂರು ರಾತ್ರಿ, ದನಗಾಹಿಗಳಿಗೆ ಐದು ರಾತ್ರಿ ಅನುಶಯದ ಅವಧಿಯಿದ್ದರೆ ವರ್ತಕರಿಗೆ ಒಂದೇ ರಾತ್ರಿ, ಏಕೆಂದರೆ ಬೆಲೆಯನ್ನು ಬಲ್ಲವರು ಬೇಗ ಎಚ್ಚೆತ್ತುಕೊಳ್ಳಬೇಕು ಎಂಬ ನಿರೀಕ್ಷೆ ಈ ವ್ಯತ್ಯಾಸದಲ್ಲಿ ಅಡಗಿರುವಂತೆ ತೋರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯಸ್ಮೃತಿಯು ವಸ್ತುವಿನ ಸ್ವಭಾವವನ್ನೇ ಲೆಕ್ಕಕ್ಕೆ ತೆಗೆದುಕೊಂಡು, ಪರೀಕ್ಷೆಗೆ ಕಬ್ಬಿಣಕ್ಕೆ ಒಂದು ದಿನ, ರತ್ನಕ್ಕೆ ಏಳು ದಿನ, ಬಿತ್ತನೆಯ ಬೀಜಕ್ಕೆ ಹತ್ತು ದಿನ ಎಂದು ಬೇರೆ ಬೇರೆ ಗಡುವು ಕೊಡುತ್ತದೆ. ಯಹೂದಿಗಳ ಮಿಷ್ನಾ ಎಂಬ ಧರ್ಮಸಂಹಿತೆ ಕಾಲದ ಜೊತೆಗೆ ಪ್ರಮಾಣವನ್ನೂ ಅಳೆದ ಗ್ರಂಥ. ಪೇಟೆಯ ದರಕ್ಕಿಂತ ಆರನೆಯ ಒಂದು ಭಾಗದಷ್ಟು ವ್ಯತ್ಯಾಸವಿದ್ದರೆ ಅದು ಅನ್ಯಾಯವೆನಿಸುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಸಹಿಸಿಕೊಳ್ಳಬೇಕು, ಸರಿಯಾಗಿ ಅಷ್ಟೇ ಇದ್ದರೆ ವ್ಯತ್ಯಾಸ ಹಿಂತಿರುಗಿಸಬೇಕು, ಅದನ್ನು ಮೀರಿದರೆ ವ್ಯಾಪಾರವೇ ರದ್ದು ಎಂದು ಮುಂದಿನ ಪಂಡಿತರು ಇದನ್ನು ವಿಸ್ತರಿಸಿದರು. ಈ ನಿಯಮ ಕೊಳ್ಳುವವನನ್ನು ರಕ್ಷಿಸುವಂತೆ ಮಾರುವವನನ್ನೂ ರಕ್ಷಿಸುತ್ತದೆ. ಈ ಪರಂಪರೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ತತ್ತ್ವ ಹೊಳೆಯುತ್ತದೆ: ಸಣ್ಣ ತಪ್ಪನ್ನು ಮಾಡಿದವನು ನುಂಗಿಕೊಳ್ಳಬೇಕು, ದೊಡ್ಡ ತಪ್ಪನ್ನು ಇಬ್ಬರೂ ಸೇರಿ ಬಿಡಿಸಬೇಕು, ಮತ್ತು ಎರಡಕ್ಕೂ ವಿಳಂಬ ಕೂಡದು.

ನಿಯಮವನ್ನು ಮೀರಿದ ನಡತೆಯ ಉದಾಹರಣೆಗಳೂ ಇಲ್ಲದಿಲ್ಲ. ರೋಮಿನ ಸಿಸೆರೊ ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಸ್ಕೆವೊಲಾ ಎಂಬ ನ್ಯಾಯವೇತ್ತನ ಪ್ರಸಂಗವನ್ನು ಹೇಳುತ್ತಾನೆ. ಜಮೀನು ಕೊಳ್ಳಲು ಹೋದ ಅವನು ಮಾರುವವನು ಹೇಳಿದ ಬೆಲೆ ಕಡಿಮೆಯಾಯಿತೆಂದು ತಾನಾಗಿ ಒಂದು ಲಕ್ಷ ನಾಣ್ಯಗಳನ್ನು ಸೇರಿಸಿ ಕೊಟ್ಟನಂತೆ. ಹನ್ನೆರಡನೆಯ ಶತಮಾನದ ಶರಣ ಪರಂಪರೆಯಲ್ಲಿ, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿಸಿಕೊಂಡಿದ್ದ ಮಾರಯ್ಯನು ಒಂದು ದಿನ ಬಸವಣ್ಣನ ಅಂಗಳದಿಂದ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳದೆ, ಹೆಚ್ಚಾದುದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದ ಕಥೆ ಪ್ರಸಿದ್ಧವಾಗಿದೆ. ಆ ಅಕ್ಕಿಯನ್ನು ಮಾರಯ್ಯ ಕದ್ದಿರಲಿಲ್ಲ, ಯಾರೂ ಅದನ್ನು ಮರಳಿ ಕೇಳಿಯೂ ಇರಲಿಲ್ಲ. ತಮ್ಮ ಕಾಯಕಕ್ಕೆ ಸಲ್ಲುವುದಕ್ಕಿಂತ ಹೆಚ್ಚು ಎಂಬುದಷ್ಟೇ ಲಕ್ಕಮ್ಮನ ಆಕ್ಷೇಪ. ಅಂದಿನ ಊಟಕ್ಕೆ ಅಂದೇ ದುಡಿಯುತ್ತಿದ್ದ ಬಡ ಮನೆಯಿಂದ ಈ ನಿಷ್ಠುರ ವಿವೇಕ ಬಂದಿದೆ ಎಂಬುದು, ಬಡವನಾದ್ದರಿಂದ ತಪ್ಪು ಬೆಲೆಯ ಲಾಭ ತನಗೆ ಸಲ್ಲಬೇಕೆಂಬ ವಾದಕ್ಕೆ ಒಳಗಿನಿಂದಲೇ ಬಂದ ಉತ್ತರವಾಗಿದೆ.

ಆದರೂ ಆ ವಾದವನ್ನು ಅಷ್ಟಕ್ಕೇ ಮುಗಿಸುವುದು ಸರಿಯಲ್ಲ. ದೊಡ್ಡ ಮಳಿಗೆ ತನಗೆ ನಷ್ಟ ತರುವ ತಪ್ಪುಗಳನ್ನು ಕ್ಷಣದಲ್ಲಿ ಹಿಡಿಯುತ್ತದೆ, ಗಿರಾಕಿಗೆ ನಷ್ಟ ತರುವ ತಪ್ಪುಗಳು ಮಾತ್ರ ಯಾರೂ ಬಿಲ್ಲನ್ನು ಓದದಿರುವವರೆಗೆ ಹಾಗೆಯೇ ನಡೆಯುತ್ತವೆ ಎಂಬ ಜನರ ಗುಮಾನಿಗೆ ಆಧಾರವಿಲ್ಲವೆನ್ನಲಾಗದು. ಆದ್ದರಿಂದ ಕಣ್ತಪ್ಪಿನ ಕ್ಷಮೆ ಕೇಳುವ ಹಕ್ಕು ವರ್ತಕನಿಗೆ ದೊರೆಯಬೇಕಾದರೆ, ಹೆಚ್ಚಾಗಿ ಪಡೆದ ಹಣವನ್ನು ಕೇಳದೆ ಹಿಂತಿರುಗಿಸುವ ರೂಢಿ ಅವನಲ್ಲಿ ಮೊದಲೇ ಇರಬೇಕು. ಇನ್ನೊಂದು ಕಡೆ, ಗಿರಾಕಿ ಹಟ ಹಿಡಿದು ಗೆದ್ದ ವ್ಯತ್ಯಾಸದ ಹಣ ಎಷ್ಟೋ ಸಲ ಮಾಲೀಕನ ಪೆಟ್ಟಿಗೆಯಿಂದ ಹೋಗುವುದಿಲ್ಲ. ಚೀಟಿ ಅಂಟಿಸಿದ ಹುಡುಗನ ಸಂಬಳದಿಂದ ಮುರಿದುಕೊಳ್ಳಲಾಗುತ್ತದೆ. ನಷ್ಟವನ್ನು ಹೀಗೆ ಕೆಳಗೆ ತಳ್ಳಿ ತಾನು ಮಾತಿಗೆ ನಿಂತವನೆಂಬ ಹೆಸರು ಪಡೆಯುವ ಮಾಲೀಕನ ಸತ್ಯನಿಷ್ಠೆಗೆ ಬೆಲೆಯಿಲ್ಲ.

ಈ ಎಲ್ಲ ವಿಚಾರಗಳಿಂದ ಹೊರಡುವ ತೀರ್ಮಾನ ಇಷ್ಟು. ಬೆಲೆಯನ್ನು ನಂಬಿ ಬಂದ ಗಿರಾಕಿಗೆ, ಅದು ತಪ್ಪೆಂದು ತಿಳಿಯಲು ಅವಕಾಶವೇ ಇಲ್ಲದಿದ್ದಾಗ, ಬರೆದ ಬೆಲೆಗೇ ಸರಕನ್ನು ಕೊಡುವುದು ವರ್ತಕನ ಧರ್ಮ. ಕಾನೂನು ಅದನ್ನು ಬಲವಂತ ಮಾಡದಿರುವುದು ಅವನ ಧರ್ಮವನ್ನು ಕಡಿಮೆ ಮಾಡುವುದಿಲ್ಲ. ತಪ್ಪು ಎದ್ದು ಕಾಣುವಷ್ಟು ದೊಡ್ಡದಾಗಿದ್ದಾಗ ಅವನು ನಿರಾಕರಿಸಬಹುದು, ಆದರೆ ಕ್ಷಮೆ ಕೇಳಿ, ಫಲಕವನ್ನು ಆ ಕ್ಷಣವೇ ತಿದ್ದಿ ನಿರಾಕರಿಸಬೇಕು. ತಪ್ಪೆಂದು ಬಲ್ಲ ಗಿರಾಕಿಗೆ ಬೇಡಿಕೆಯ ಹಕ್ಕಿಲ್ಲ, ತಿಳಿಸುವ ಹೊಣೆ ಮಾತ್ರ ಇದೆ. ಸತ್ಯವನ್ನು ವರ್ತಕನೂ ಅಸ್ತೇಯವನ್ನು ಗಿರಾಕಿಯೂ ತಾವೇ ಆಚರಿಸುವುದಾದರೆ ಈ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಬೇಕಾದ ಕಾರಣವೇ ಉಳಿಯುವುದಿಲ್ಲ.