ಗಜ್ಜರಿ ಸಸಿ ಮಾಡಿದ ತಪ್ಪೇನು?

ದೀಪಾವಳಿ ಮುಗಿದ ವಾರ ನಮ್ಮ ಜ್ಞಾನೋಪದೇಶ ತರಗತಿಯ ಮಕ್ಕಳು ಬಣ್ಣದ ಹಳೆಯ ಬಕೆಟ್‌ಗಳಲ್ಲಿ ಗಜ್ಜರಿ, ಮೂಲಂಗಿ ಬಿತ್ತಿದರು. ನಮ್ಮ ಎರೆಮಣ್ಣು ಜೋಳ, ತೊಗರಿಗೆ ಒಳ್ಳೆಯದು. ಆದರೆ ಬಕೆಟ್‌ನಲ್ಲಿ ಒಣಗಿದರೆ ಇಟ್ಟಿಗೆಯಂತಾಗಿ ಗಡ್ಡೆ ಸೊಟ್ಟಗಾಗುತ್ತದೆ. ಅದಕ್ಕೆ ಮರಳು, ತಿಪ್ಪೆಗೊಬ್ಬರ ಬೆರೆಸಿ, ತಳಕ್ಕೆ ತೂತು ಹಾಕಿ, ಒಂದು ಅಡಿ ಆಳ ತುಂಬಿದೆವು. ಮಕ್ಕಳ ಕೈ ಧಾರಾಳ. ಹತ್ತು ಗಜ್ಜರಿ ಹಿಡಿಯುವ ಬಕೆಟ್‌ಗೆ ಮುಷ್ಟಿ ತುಂಬ ಬೀಜ ಸುರಿದಿದ್ದರು.

ಮೂರು ವಾರ ಕಳೆದ ಮೇಲೆ ಹೆಚ್ಚಾದ ಸಸಿ ತೆಗೆಯುವ ಕೆಲಸ. ಮರಾಠಿಯಲ್ಲಿ ವಿರಳಣಿ ಅನ್ನುತ್ತಾರಲ್ಲ, ಅದು. ಎರಡು ಮೂರು ಇಂಚಿಗೆ ಒಂದನ್ನು ಬಿಟ್ಟು ಉಳಿದದ್ದನ್ನು ಕತ್ತರಿಯಿಂದ ಬುಡಕ್ಕೇ ಕತ್ತರಿಸಬೇಕು. ಕಿತ್ತರೆ ಪಕ್ಕದ ಬೇರು ಅಲುಗುತ್ತದೆ. ಒಬ್ಬ ಹುಡುಗಿ ಕತ್ತರಿ ಕೆಳಗಿಟ್ಟಳು. "ಅಕ್ಕಾ, ಇದು ಕಳೆ ಅಲ್ಲ, ರೋಗಾನೂ ಇಲ್ಲ. ಇದೇನ್ ತಪ್ಪ ಮಾಡ್ಯದ?"

ಬಿ.ಎಸ್ಸಿ. ಓದಿದವಳಲ್ಲವೇ, ಉತ್ತರ ಬಾಯಲ್ಲೇ ಇತ್ತು. ಬೆಳಕು, ನೀರು, ಜಾಗಕ್ಕೆ ಪೈಪೋಟಿ. ಎಲ್ಲವನ್ನೂ ಉಳಿಸಿದರೆ ಎಲ್ಲವೂ ದಾರದಷ್ಟು ಸಣ್ಣಗಾಗುತ್ತವೆ. ಗಜ್ಜರಿಯನ್ನು ಕಿತ್ತು ಬೇರೆ ಕಡೆ ನೆಟ್ಟರೆ ತಾಯಿಬೇರು ಮುರಿದು ಗಡ್ಡೆ ಕವಲೊಡೆಯುತ್ತದೆ. ಎಲ್ಲ ಸರಿಯೇ. ಆದರೆ ಅವಳು ಕೇಳಿದ್ದು ಅದನ್ನಲ್ಲ. ಸಂತ ಮತ್ತಾಯನ ಶುಭಸಂದೇಶದ 13ನೇ ಅಧ್ಯಾಯದಲ್ಲಿ, ಜೊತೆಗೆ ಗೋಧಿಯೂ ಬಂದೀತೆಂದು ಒಡೆಯ ಕಳೆಯನ್ನು ಕೀಳಲೂ ಬಿಡುವುದಿಲ್ಲ. ನಾವು ಒಳ್ಳೆಯ ಸಸಿಯನ್ನೇ ಕತ್ತರಿಸುತ್ತಿದ್ದೆವು.

ಸಸಿಯದು ಏನೂ ತಪ್ಪಿಲ್ಲ. ಬಕೆಟ್ ಆರಿಸಿದವರು ನಾವು, ಬೀಜ ಸುರಿದವರೂ ನಾವು. ಗಿಡದ ವಿಷಯದಲ್ಲಿ ಇಷ್ಟನ್ನು ಒಪ್ಪಿಕೊಂಡು ಕತ್ತರಿ ಹಿಡಿಯಬಹುದು. ಮೂಲಂಗಿಯ ಎಳೆ ಸೊಪ್ಪು ಪಲ್ಯಕ್ಕಾದರೂ ಆಗುತ್ತದೆ. ಮನುಷ್ಯರ ವಿಷಯದಲ್ಲಿ ಮಾತ್ರ, ಜಾಗವಿಲ್ಲ ಅನ್ನುವ ಮೊದಲು ಬಕೆಟ್ ಇಷ್ಟೇ ಎಂದು ಗೊತ್ತುಮಾಡಿದವರು ಯಾರು ಎಂದು ಕೇಳಬೇಕು. 2016ರ ಬೇಸಿಗೆಯಲ್ಲಿ ಲಾತೂರಿನಲ್ಲಿ ನೀರು ಬತ್ತಿದಾಗ ಎಷ್ಟೋ ಜನ ಊರು ಬಿಟ್ಟರು, ನಿಜ. ಆದರೆ ಉಳಿದವರಿಗೆ ಇಲ್ಲಿರುವುದು ಇಷ್ಟೇ ನೀರು ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ಏಪ್ರಿಲ್ 12ರಂದು ಮಿರಜ್‌ನಿಂದ ಹತ್ತು ವ್ಯಾಗನ್‌ಗಳಲ್ಲಿ ಐದು ಲಕ್ಷ ಲೀಟರ್ ನೀರು ರೈಲಿನಲ್ಲಿ ಬಂತು.

ಕತ್ತರಿ ನನ್ನ ಕೈಯಲ್ಲೂ ಇತ್ತು. ಉದಗಿರ, ನಿಲಂಗಾ, ಉಮರ್ಗಾ ಕಡೆಯ ನಮ್ಮ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಕಳೆದ ಕ್ರಿಸ್ಮಸ್‌ಗೆ ಕನ್ನಡ ಓದಲು ಬಾರದ ಆರು ಮಕ್ಕಳನ್ನು ಗಾಯನ ತಂಡದಿಂದ ಬಿಟ್ಟೆ. ದಿನ ಕಡಿಮೆ ಇವೆ ಅಂದೆ. ಅಭ್ಯಾಸವನ್ನು ತಡವಾಗಿ ಶುರುಮಾಡಿದವಳು ನಾನೇ.

ಈ ಆಗಮನ ಕಾಲಕ್ಕೆ ಹಾಡುಗಳನ್ನು ದೇವನಾಗರಿಯಲ್ಲಿ ಬರೆದುಕೊಟ್ಟೆ. ಹೀಗಾದರೆ ಕನ್ನಡ ಅಕ್ಷರ ಯಾರೂ ಕಲಿಯುವುದಿಲ್ಲ ಎಂದು ಹಿರಿಯರೊಬ್ಬರು ನೊಂದುಕೊಂಡರು. ಅವರ ಭಯ ಸುಳ್ಳಲ್ಲ. ಅದಕ್ಕೇ ಪ್ರತಿ ಸಾಲಿನ ಕೆಳಗೆ ಕನ್ನಡದಲ್ಲೂ ಬರೆದಿದ್ದೇನೆ. ಕಳೆದ ಭಾನುವಾರ ಪೂಜೆಯ ನಂತರದ ಅಭ್ಯಾಸಕ್ಕೆ ಆ ಆರರಲ್ಲಿ ನಾಲ್ವರು ಬಂದರು. ಬಾರದ ಇಬ್ಬರ ಮನೆಗೆ ನಾನಿನ್ನೂ ಹೋಗಿಲ್ಲ.