ಮೂಲೆ ಸೇರಿದ ಕಾಲುಮಷಿನ್

ಉಮರ್ಗಾ, ನಿಲಂಗಾ, ಉದಗೀರದ ಹಳೆಯ ಮನೆಗಳಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಮಷಿನ್ ಈಗಲೂ ಕಾಣಸಿಗುತ್ತದೆ. ಕಪ್ಪು ಮೈ, ಅದರ ಮೇಲೆ ಬಂಗಾರದ ಬಳ್ಳಿ, ಕೆಳಗೆ ಬೀಡುಕಬ್ಬಿಣದ ಜಾಲರಿ ಸ್ಟ್ಯಾಂಡು. ಇತ್ತೀಚೆಗೆ ಇವುಗಳನ್ನು ಹುಡುಕಿಕೊಂಡು ಗಿರಾಕಿಗಳು ಬರುತ್ತಾರೆ, ಆದರೆ ಹೊಲಿಯಲಿಕ್ಕಲ್ಲ. ತಲೆ ಗುಜರಿಗೆ ಹೋಗುತ್ತದೆ, ಸ್ಟ್ಯಾಂಡು ಶಹರದ ಹೋಟೆಲಿನಲ್ಲಿ ಟೇಬಲ್ಲಿನ ಕಾಲಾಗುತ್ತದೆ. ಇದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಸೂಜಿಯ ಕೆಲಸಕ್ಕೆ ಈ ಸೀಮೆ ಕೊಟ್ಟ ಮರ್ಯಾದೆ ಸಣ್ಣದಲ್ಲ. ಉದಗೀರ, ನಿಲಂಗಾ 1956ರ ತನಕ ಬೀದರ್ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಉಮರ್ಗಾದಿಂದ ಹೈದರಾಬಾದ್ ಹೆದ್ದಾರಿ ಹಿಡಿದರೆ ಬಸವಕಲ್ಯಾಣ ದೂರವಿಲ್ಲ. ಕಲ್ಯಾಣದ ಕಾಲದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾರೆ, ಮರಾಠಿ ಸಂತರಲ್ಲಿ ಶಿಂಪಿ ಕುಲದ ನಾಮದೇವರಿದ್ದಾರೆ. ಒಳಗೆ ಕನ್ನಡ, ಬಾಜಾರದಲ್ಲಿ ಮರಾಠಿ ಆಡುವ ಇಲ್ಲಿನ ಮನೆಗಳಿಗೆ ಇಬ್ಬರೂ ತಮ್ಮವರೇ. ಅಂಥ ನೆಲದಲ್ಲಿ ಹೊಲಿಯಬಲ್ಲ ಮಷಿನ್ನನ್ನು ಟೇಬಲ್ಲಿಗಾಗಿ ಬಿಚ್ಚಬಾರದು.

ಕೊಳ್ಳುವವರು ಬಂಗಾರದ ಬಳ್ಳಿಗೆ ಮರುಳಾಗದಿರಲಿ. ಮೊದಲು ಗಾಲಿಯನ್ನು ಕೈಯಿಂದ ತಮ್ಮ ಕಡೆಗೆ ತಿರುಗಿಸಿ ನೋಡಲಿ. ಜಡ ಓಡಿದರೆ ಅದೇ ದೋಷವೆಂದು ಬಿಟ್ಟು ಬರಬೇಕಿಲ್ಲ, ಬಹಳ ಸಲ ಅದು ಒಳಗೆ ಗಟ್ಟಿಯಾದ ಹಳೇ ಎಣ್ಣೆ ಅಷ್ಟೇ. ಸೂಜಿ ಕಂಬ ಆಚೀಚೆ ಅಲ್ಲಾಡಿದರೆ, ಬಟ್ಟೆ ಸರಿಸುವ ಹಲ್ಲು ಸವೆದು ನುಣುಪಾಗಿದ್ದರೆ ಮಾತ್ರ ಯೋಚಿಸಬೇಕು. ಬಾಬಿನ್ ಯಾವುದೆಂದು ನೋಡುವುದು ಇನ್ನೂ ಮುಖ್ಯ. ತೀರ ಹಳೆಯ ಸಿಂಗರ್‌ಗಳಲ್ಲಿ ನೀಳ ಬಾಬಿನ್, ದೋಣಿಯಾಕಾರದ ಶಟಲ್ ಇರುತ್ತದೆ. ಶಟಲ್ ಕಳೆದಿದ್ದರೆ ಇನ್ನೊಂದು ಸಿಗುವುದು ಕಷ್ಟ. ದುಂಡು ಬಾಬಿನ್ನಿನದಾದರೆ ಚಿಂತೆಯಿಲ್ಲ. ಉಷಾ ಸೇರಿ ನಮ್ಮ ದೇಶದ ಕಪ್ಪು ಮಷಿನ್‌ಗಳು ಬಹುಪಾಲು ಆ ಮಾದರಿಯವೇ, ಲುಧಿಯಾನದ ಕಾರ್ಖಾನೆಗಳು ಅದರ ಬಿಡಿಭಾಗ ಇಂದಿಗೂ ಮಾಡುತ್ತವೆ. ಸಿಂಗರ್‌ನ ನಂಬರ್ ‘ವೈ’ ಅಕ್ಷರದಿಂದ ಶುರುವಾಗಿದ್ದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ತಯಾರಾದದ್ದು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ವಯಸ್ಸು ತಿಳಿಯುವುದು ಸಂತೋಷವೇ, ಆದರೆ ಅದಕ್ಕಾಗಿ ಹೆಚ್ಚು ದುಡ್ಡು ತೆರಬೇಡಿ. ಎರಡು ಪದರ ಬಟ್ಟೆ ಇಟ್ಟು ಒಂದು ಗೇಣು ಹೊಲಿಸಿ ನೋಡಿ. ಮೇಲೂ ಕೆಳಗೂ ಟಾಕಿ ಒಂದೇ ಸಮ ಬಿದ್ದರೆ ಆ ಮಷಿನ್ ನಿಮ್ಮದು.

ಇನ್ನು ಎಣ್ಣೆ. ಅಡುಗೆಮನೆಯ ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಹಾಕುವ ರೂಢಿಯೇ ಎಷ್ಟೋ ಮಷಿನ್‌ಗಳನ್ನು ಮೂಲೆಗೆ ತಳ್ಳಿದೆ. ಆ ಎಣ್ಣೆ ವರ್ಷಗಳಲ್ಲಿ ಅಂಟಾಗಿ ಗಟ್ಟಿಯಾಗುತ್ತದೆ, ಚಳಿಗಾಲದಲ್ಲಂತೂ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಗಾಡಿಯ ಎಂಜಿನ್ ಎಣ್ಣೆಯೂ ಬೇಡ, ಅದು ತೀರ ಮಂದ. ಹಳೇ ಅಂಟು ಬಿಡಿಸಲು ತೂತುಗಳಿಗೆ ಸ್ವಲ್ಪ ಸೀಮೆಎಣ್ಣೆ ಬಿಟ್ಟು, ದಾರವಿಲ್ಲದೆ ನಿಧಾನ ತುಳಿದು, ಹೊರಬಂದ ಕರಿ ಒರೆಸಬೇಕು. ಆಮೇಲೆ ಹೊಲಿಗೆ ಮಷಿನ್ನಿನ ತೆಳು ಎಣ್ಣೆ, ತೂತಿಗೊಂದು ಹನಿ. ಮೈಮೇಲಿನ ಚಿತ್ರಕ್ಕೆ ಮಾತ್ರ ಸೀಮೆಎಣ್ಣೆ, ಸ್ಪಿರಿಟ್ ಎರಡನ್ನೂ ತಾಗಿಸಬೇಡಿ. ಅದರ ಮೇಲಿನ ಅರಗಿನ ಮೆರುಗು ಸ್ಪಿರಿಟ್ಟಿಗೆ ಕರಗಿಹೋಗುತ್ತದೆ. ಮೆತ್ತಗಿನ ಬಟ್ಟೆಗೆ ಅದೇ ತೆಳು ಎಣ್ಣೆ ಹಚ್ಚಿ ಒರೆಸಿದರೆ ಸಾಕು. ನಮ್ಮ ಎರೆಮಣ್ಣಿನ ಧೂಳು ದಾರದ ಜುಂಗಿನೊಡನೆ ಸೇರಿ ಹಲ್ಲಿನ ಕೆಳಗೆ ಕೂರುತ್ತದೆ. ತಗಡು ಬಿಚ್ಚಿ ಅದನ್ನು ಬ್ರಶ್ಶಿನಿಂದ ತೆಗೆಯುತ್ತಿರಬೇಕು.

ಚರ್ಮದ ಪಟ್ಟಾ ಸಡಿಲಾದರೆ ಚೂರು ಕತ್ತರಿಸಿ ಕೊಂಡಿ ಹಾಕಿ, ಬಿಗಿ ಹೆಚ್ಚಾದರೆ ತುಳಿಯುವ ಕಾಲೇ ಸೋಲುತ್ತದೆ. ಪಟ್ಟಾಕ್ಕೆ ಎಣ್ಣೆ ತಾಗಬಾರದು.

ಈ ಆರೈಕೆಯೆಲ್ಲ ಬಳಸುವವರ ಮನೆಯಲ್ಲಿ ತಾನಾಗಿ ನಡೆಯುತ್ತದೆ. ಬಳಸದೆ ನಿಂತರೆ ಎಂಥ ಮಷಿನ್ನೂ ಬಿಗಿದುಕೊಳ್ಳುತ್ತದೆ. ಮರಾಠವಾಡದ ಬೇಸಿಗೆಯಲ್ಲಿ ಕರೆಂಟು ಹೋದರೂ ಇದರ ಕೆಲಸ ನಿಲ್ಲುವುದಿಲ್ಲ, ಜೂನ್ ಬಂದರೆ ಶಾಲೆಯ ಸಮವಸ್ತ್ರಗಳ ರಾಶಿ ಕಾದಿರುತ್ತದೆ. ನಿಮ್ಮ ಮನೆಯಲ್ಲಿ ಈಗ ಹೊಲಿಯುವವರಿಲ್ಲವಾದರೆ ಸ್ಟ್ಯಾಂಡಷ್ಟನ್ನೇ ಕೇಳುವವರಿಗೆ ಕೊಡಬೇಡಿ. ಓಣಿಯಲ್ಲಿ ಹೊಲಿಗೆ ಕಲಿಯುತ್ತಿರುವ ಹುಡುಗಿ ಒಬ್ಬಳಾದರೂ ಇದ್ದಾಳೆ. ಕಡಿಮೆ ಬೆಲೆಗಾದರೂ ಸರಿ, ಶಟಲ್, ಬಾಬಿನ್, ಪಟ್ಟಾ ಎಲ್ಲ ಸೇರಿಸಿ ಅವಳಿಗೇ ಕೊಡಿ.